ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರು

ಪುರಸೈವಾಕ್ಕಂನಲ್ಲಿ ಮದುವೆ ಸೀರೆಗೆ ಯಾವ ಅಂಗಡಿ ಒಳ್ಳೆಯದು ಎಂದು ಕೇಳಿದರೆ ಆಟೋದವರೂ ಹೇಳುತ್ತಾರೆ. ಪಾತ್ರೆಗೆ ಎಲ್ಲಿ, ಚಿನ್ನಕ್ಕೆ ಎಲ್ಲಿ, ಹೆರಿಗೆಗೆ ಯಾವ ನರ್ಸಿಂಗ್ ಹೋಮ್ ಎಂಬುದಕ್ಕೂ ಹೈರೋಡಿನ ಈ ತುದಿಯಿಂದ ಆ ತುದಿಯವರೆಗೆ ಸಲಹೆ ಸಿಗುತ್ತದೆ. ಇನ್ನು ವಾಸಿಯಾಗುವುದಿಲ್ಲ ಎಂದು ಡಾಕ್ಟರು ಹೇಳಿದವರನ್ನು ಕೊನೆಯ ದಿನಗಳಲ್ಲಿ ಯಾರು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ಕೇಳಿ ನೋಡಿ, ಮಾತು ಅಲ್ಲಿಗೇ ನಿಲ್ಲುತ್ತದೆ. "ಅದೆಲ್ಲ ಈಗ್ಯಾಕೆ, ದೇವರಿದ್ದಾನೆ" ಎಂದು ವಿಷಯ ಬದಲಾಯಿಸುತ್ತಾರೆ.

ಇಂಟರ್‌ನೆಟ್ಟಿನಲ್ಲಿ ನಕ್ಷತ್ರಗಳಿವೆ, ನಿಜ. ಒಂದು ಸಂಜೆ ಕೂತು ಎಲ್ಲ ಓದಿದೆ. ರಿಸೆಪ್ಷನ್‌ನಲ್ಲಿ ನಗುಮುಖ, ವಾಹನ ನಿಲ್ಲಿಸಲು ಜಾಗ, ಬಿಲ್ ಸರಿಯಾಗಿತ್ತು, ಇಂಥವೇ. ಸೇವೆ ಪಡೆದವರು ಅಭಿಪ್ರಾಯ ಬರೆಯಲು ಉಳಿದಿರುವುದಿಲ್ಲ. ಉಳಿದವರಿಗೆ ಬರೆಯುವ ಮನಸ್ಸಿರುವುದಿಲ್ಲ. ಹಾಗಾಗಿ ಈ ಒಂದು ಸೇವೆಯ ಗುಣಮಟ್ಟ ನಮ್ಮ ನಮ್ಮ ಮನೆಯ ಸರದಿ ಬಂದಾಗ ನಾವೇ ಅಳೆದುಕೊಳ್ಳಬೇಕಾದದ್ದು. ಹೋದ ವರ್ಷ ಆ ಸರದಿ ನಮ್ಮದಾಗಿತ್ತು. ಮುಂಬೈ, ಪುಣೆ, ಹೈದರಾಬಾದಿನ ಓದುಗರಲ್ಲಿ ಯಾರಿಗಾದರೂ ಉಪಯೋಗವಾದೀತು ಎಂದು ಈ ಸಲ ಅದನ್ನೇ ಬರೆಯುತ್ತಿದ್ದೇನೆ.

ನನ್ನ ಸೋದರತ್ತೆ ಉಡುಪಿ ಕಡೆಯವರು. ಮಾವ ಇಲ್ಲಿನ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂತು ನಿವೃತ್ತರಾದವರು, ಈಗಿಲ್ಲ. ವೆಳ್ಳಾಳ ಬೀದಿಯ ಒಳಗಲ್ಲಿಯಲ್ಲಿ ಮೊದಲ ಮಹಡಿಯ ಮನೆ, ಕಡಿದಾದ ಮೆಟ್ಟಿಲು. ಅತ್ತೆಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಗೊತ್ತಾಗುವ ಹೊತ್ತಿಗೆ ಪಿತ್ತಕೋಶಕ್ಕೂ ಹರಡಿತ್ತು. "ಮನೆಗೆ ಕರೆದುಕೊಂಡು ಹೋಗಿ, ಇಷ್ಟವಾದ್ದು ಕೊಡಿ" ಎಂದು ಆಸ್ಪತ್ರೆಯಲ್ಲಿ ಹೇಳಿದರು. ಈ ವಾಕ್ಯವನ್ನು ನಮ್ಮ ದೇಶದಲ್ಲಿ ಎಷ್ಟು ಮನೆಯವರು ಕೇಳಿದ್ದಾರೋ. ಮನೆಗೆ ಕರೆತಂದ ಮೇಲೆ ನೋವು ಬಂದರೆ ಏನು ಮಾಡಬೇಕು ಎಂಬುದು ಡಿಸ್ಚಾರ್ಜ್ ಕಾಗದದಲ್ಲಿ ಇರುವುದಿಲ್ಲ. ಎಕನಾಮಿಸ್ಟ್ ಸಂಸ್ಥೆಯವರು 2015ರಲ್ಲಿ ಎಂಬತ್ತು ದೇಶಗಳಲ್ಲಿ ಜನ ಎಷ್ಟು ನೆಮ್ಮದಿಯಿಂದ ಸಾಯುತ್ತಾರೆ ಎಂದು ಪಟ್ಟಿ ಮಾಡಿದಾಗ ಭಾರತ 67ನೆಯದು. 2010ರಲ್ಲಿ ನಲವತ್ತು ದೇಶಗಳಲ್ಲಿ ನಲವತ್ತನೆಯದು.

ಮೊದಲು ಒಂದು ಸಂಸ್ಥೆಯನ್ನು ಗೊತ್ತು ಮಾಡಿದೆವು, ಹೆಸರು ಬೇಡ. ಅಚ್ಚುಕಟ್ಟಾದ ಸಮವಸ್ತ್ರ, ಮೊಬೈಲಿನಲ್ಲಿ ಆ್ಯಪ್, ದಿನಕ್ಕೆ ಮೂರು ಸಲ ಬಿಪಿ, ಸಕ್ಕರೆ, ಆಮ್ಲಜನಕ, ಎಲ್ಲವೂ ಪಟ್ಟಿಯಲ್ಲಿ ತುಂಬಿ ಬರುತ್ತಿತ್ತು. ಬೆಂಗಳೂರಿನಲ್ಲಿರುವ ಅತ್ತೆಯ ಮಗಳು ಅಲ್ಲಿಂದಲೇ ನೋಡಿ ಸಮಾಧಾನಪಡುತ್ತಿದ್ದಳು. ಅಂಕಿಗಳೆಲ್ಲ ಚೆನ್ನಾಗಿದ್ದವು. ಅತ್ತೆ ಮಾತ್ರ ರಾತ್ರಿಯೆಲ್ಲ ಮಂಚದ ಮೇಲೆ ಮುಂದಕ್ಕೆ ಬಾಗಿ ದಿಂಬು ಅಪ್ಪಿಕೊಂಡು ಕೂತಿರುತ್ತಿದ್ದರು, ಮಲಗಿದರೆ ಬೆನ್ನಿಗೆ ನೋವು ಹೊಡೆಯುತ್ತಿತ್ತು. ಆ ಪಟ್ಟಿಯಲ್ಲಿ ನೋವಿಗೆ ಒಂದು ಕಾಲಂ ಇರಲಿಲ್ಲ. ಕೆಟ್ಟ ಜನ ಅಂತಲ್ಲ. ಅವರು ಮಾಡುತ್ತಿದ್ದದ್ದು ರೋಗಿಯ ಉಪಚಾರ: ಮೈ ಒರೆಸುವುದು, ಡ್ರಿಪ್ ಹಾಕುವುದು. ಬೋರ್ಡಿನ ಮೇಲೆ ಬರೆದದ್ದು ಮಾತ್ರ ಹಾಸ್ಪೈಸ್. ಎರಡರ ನಡುವಿನ ಅಂತರ ಒಂದು ಮಾತ್ರೆಯಷ್ಟು ಚಿಕ್ಕದು.

ಆ ಮಾತ್ರೆ ಮಾರ್ಫಿನ್. ಯಾರೇ ಬರಲಿ, ಮೊದಲು ಕೇಳಬೇಕಾದ ಪ್ರಶ್ನೆ ಇದೊಂದೇ ಎಂದು ಈಗ ನನಗೆ ಖಾತ್ರಿ: "ನಿಮ್ಮಲ್ಲಿ ಮಾರ್ಫಿನ್ ಇಟ್ಟುಕೊಳ್ಳುವ ಮಾನ್ಯತೆ ಇದೆಯೇ? ಯಾವಾಗ ಕೊಡುತ್ತೀರಿ?" ನಾವು ಕೇಳಿದಾಗ ಆ ಸಂಸ್ಥೆಯ ಮ್ಯಾನೇಜರು, "ಅದು ಈಗಲೇ ಬೇಡ ಸಾರ್, ತೀರಾ ಕೊನೆಗೆ ನೋಡೋಣ. ಅಭ್ಯಾಸ ಆಗಿಬಿಡುತ್ತೆ" ಎಂದರು. ಮೂರೋ ನಾಲ್ಕೋ ತಿಂಗಳು ಉಳಿದಿರುವ ಎಪ್ಪತ್ತೆಂಟರ ಮುದುಕಿಗೆ ಚಟ ಹತ್ತೀತೆಂಬ ಭಯ!

ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲ ಏಣಿಯನ್ನು ಹೇಳಿದ್ದು 1986ರಲ್ಲಿ. ಪ್ಯಾರಾಸಿಟಮಾಲ್‌ನಂಥದ್ದು ಕೆಳಗಿನ ಮೆಟ್ಟಿಲು, ಮಾರ್ಫಿನ್ ಮೇಲಿನದು. ಎಷ್ಟು ದಿನ ಉಳಿದಿದೆ ಎಂಬುದಕ್ಕಿಂತ ನೋವು ಎಷ್ಟಿದೆ ಎಂಬುದನ್ನು ನೋಡಿ ಮೇಲೆ ಹತ್ತಬೇಕು. ಕಾನೂನುಬದ್ಧವಾಗಿ ಅಫೀಮು ಬೆಳೆದು ಹೊರದೇಶಗಳಿಗೆ ಕಳುಹಿಸುವ ದೇಶ ನಮ್ಮದು, ಆದರೂ ನಮ್ಮವರಿಗೇ ಅದು ಸಿಗುತ್ತಿರಲಿಲ್ಲ. 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಒಂದು ಡಬ್ಬಿ ಮಾರ್ಫಿನ್ ತರಿಸಲು ಹಲವು ಇಲಾಖೆಗಳ ಲೈಸೆನ್ಸ್ ಬೇಕಾಗಿ, ಆಸ್ಪತ್ರೆಗಳು ಕೈಬಿಟ್ಟವು. ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಅವರಂಥವರು ವರ್ಷಗಟ್ಟಲೆ ಬೆನ್ನು ಹತ್ತಿದ್ದರಿಂದ 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ಈಗ ಮಾನ್ಯತೆ ಪಡೆದ ಸಂಸ್ಥೆ ಸರಳವಾಗಿ ಇಟ್ಟುಕೊಳ್ಳಬಹುದು. ಅಂದಮೇಲೆ "ನಮ್ಮಲ್ಲಿಲ್ಲ" ಎನ್ನುವವರು ಅದಕ್ಕೆ ಅರ್ಜಿ ಹಾಕಿಲ್ಲ ಎಂದೇ ಅರ್ಥ. ಅದೊಂದು ಮಾತಿನಿಂದಲೇ ಅವರನ್ನು ಅಳೆಯಬಹುದು.

ಎರಡನೆಯ ತಂಡ ಒಂದು ಧರ್ಮಾರ್ಥ ಸಂಸ್ಥೆಯದು. ಒಬ್ಬ ಡಾಕ್ಟರು, ಒಬ್ಬ ನರ್ಸ್, ಹಳೆಯ ವ್ಯಾನು. ನರ್ಸಮ್ಮ ಬಂದವರೇ ಬಿಪಿ ಮೆಷಿನ್ ಹೊರಗೆ ತೆಗೆಯಲಿಲ್ಲ, ಮಂಚದ ತುದಿಯಲ್ಲಿ ಕೂತರು. ಅರ್ಧ ಗಂಟೆಯ ನಂತರ ಒಂದು ಹಾಳೆಯ ಮೇಲೆ ಗಡಿಯಾರದ ಚಿತ್ರ ಬರೆದು, ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು ಎಂದು ಗುರುತು ಹಾಕಿದರು. ರಾತ್ರಿ ಹತ್ತರದ್ದು ಎರಡರಷ್ಟು, ನಡುರಾತ್ರಿ ಎಬ್ಬಿಸುವುದು ಬೇಡವೆಂದು. ನೋವು ಬರಲಿ ಎಂದು ಕಾಯದೆ ಹೊತ್ತಿಗೆ ಸರಿಯಾಗಿ ಕೊಡಬೇಕು. ಜೊತೆಗೆ ಮೊದಲ ದಿನದಿಂದಲೇ ಮಲಬದ್ಧತೆಗೆ ಔಷಧ. ಇದನ್ನು ನಾವು ಕೇಳುವ ಮೊದಲೇ ಹೇಳಿದವರನ್ನು ನಂಬಬಹುದು ಎಂದು ನನ್ನ ಎಣಿಕೆ. ಮಾರ್ಫಿನ್ ಕೊಟ್ಟು ಮಲಬದ್ಧತೆ ಮರೆತರೆ ಆ ಸಂಕಟ ಇನ್ನೊಂದು ಬಗೆಯದು.

ಸಂಕಟ ಎಂದಾಗ ನೆನಪಾಯಿತು. ಹೊರನಾಡಿನ ಕನ್ನಡಿಗರಾದ ನಮಗೆ ಇದು ಇನ್ನೊಂದು ಪರೀಕ್ಷೆ. ಅತ್ತೆ ಅರವತ್ತು ವರ್ಷದ ಹತ್ತಿರ ಇಲ್ಲಿದ್ದವರು, ತರಕಾರಿಯವನ ಹತ್ತಿರ ಚೌಕಾಶಿ ಮಾಡುವಷ್ಟು ತಮಿಳು ನೀರು ಕುಡಿದಷ್ಟು ಸಲೀಸು. ಕಾಯಿಲೆ ಹೆಚ್ಚಾದಂತೆ ತಮಿಳು ಹಿಂದೆ ಸರಿಯಿತು, ಬಾಯಿಗೆ ಬರುತ್ತಿದ್ದದ್ದು ಊರಿನ ಕನ್ನಡ ಮಾತ್ರ. "ಹೊಟ್ಟೆ ಸಂಕಟ" ಎಂದು ಮೊದಲ ಸಂಸ್ಥೆಯ ಹುಡುಗಿಯ ಹತ್ತಿರ ಹೇಳಿದ್ದಾರೆ. ತಮಿಳಿನಲ್ಲಿ ಸಂಕಟವೆಂದರೆ ಮುಜುಗರ, ಮನಸ್ಸಿಗೆ ಕಷ್ಟ. ಆ ಹುಡುಗಿ ಪಾಪ ಫೈಲಿನಲ್ಲಿ "ರೋಗಿಗೆ ಮನಸ್ಸಿಗೆ ಬೇಸರವಿದೆ" ಎಂದು ಬರೆದು, ಕೌನ್ಸೆಲಿಂಗ್ ಬೇಕೆಂದು ಸೂಚಿಸಿದ್ದಳು. ವಾಂತಿ ಬರುವಂತಾಗುತ್ತಿದೆ ಎಂದು ಇವರು ಹೇಳಿದ್ದು!

ಇದು ನಗುವ ಮಾತಲ್ಲ. ನೋವಿಗೆ ಒಂದೇ ಔಷಧವಿಲ್ಲ. ಉರಿ, ಚಳುಕು, ಜೋಮು, ಕರೆಂಟ್ ಹೊಡೆದಂತೆ ಎಂದರೆ ಅದು ನರದ ನೋವಿರಬಹುದು, ಅದಕ್ಕೆ ಮಾರ್ಫಿನ್ ಜೊತೆ ಬೇರೆ ಮಾತ್ರೆಯೂ ಬೇಕಾಗುತ್ತದೆ. ಹಿಂಡಿದಂತೆ, ತಿರುಚಿದಂತೆ ಎಂದರೆ ಕರುಳಿನದಿರಬಹುದು. ಡಾಕ್ಟರಿಗೆ ಸ್ಕ್ಯಾನಿನಲ್ಲಿ ಕಾಣುವುದು ಗಡ್ಡೆ ಮಾತ್ರ, ನೋವು ಹೇಗಿದೆ ಎಂಬುದನ್ನು ಹೇಳುವುದು ರೋಗಿಯ ಮಾತೊಂದೇ. ಎರಡನೆಯ ತಂಡದ ನರ್ಸಮ್ಮನಿಗೂ ಕನ್ನಡ ಬರುತ್ತಿರಲಿಲ್ಲ. ಆದರೆ ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅತ್ತೆ ಬಳಸುವ ಒಂದೊಂದು ಪದವನ್ನೂ ತಮಿಳು ಅಕ್ಷರದಲ್ಲಿ ಬರೆದುಕೊಂಡು, ಅದರ ಮುಂದೆ ಅರ್ಥ ಬರೆದರು. ಉರಿ, ಸಂಕಟ, ಸೆಳೆತ, ತುರಿಕೆ, ಬಾಯಿ ಒಣಗುವುದು. ಹನ್ನೊಂದು ಪದ. ಆ ಹಾಳೆ ಮಂಚದ ಪಕ್ಕದ ಗೋಡೆಗೆ ಅಂಟಿತ್ತು, ಬದಲಿ ನರ್ಸ್ ಬಂದಾಗಲೂ ಅದನ್ನು ನೋಡಿಯೇ ಕೇಳುತ್ತಿದ್ದರು. ಭಾಷೆ ಬರುವವರೇ ಬೇಕೆಂದು ಹಟ ಹಿಡಿದರೆ ಚೆನ್ನೈಯಲ್ಲಾಗಲಿ ದೆಹಲಿಯಲ್ಲಾಗಲಿ ನಮಗೆ ಯಾರೂ ಸಿಗುವುದಿಲ್ಲ. ಭಾಷೆಯನ್ನು ಕೇಳಿ ತಿಳಿಯುವವರು ಸಿಕ್ಕರೆ ಸಾಕು.

ರೋಗಿಗೆ ವಿಷಯ ಹೇಳಬೇಕೇ ಬೇಡವೇ ಎಂಬುದು ನಮ್ಮ ಮನೆಗಳ ಹಳೆಯ ತಕರಾರು. ಭಾವ ಬಾಗಿಲಲ್ಲೇ ಡಾಕ್ಟರನ್ನು ತಡೆದು, "ಅಮ್ಮನಿಗೆ ಅಲ್ಸರ್ ಅಂತ ಹೇಳಿದ್ದೇವೆ, ನೀವು ದಯವಿಟ್ಟು ಏನೂ ಹೇಳಬೇಡಿ" ಎಂದು ಕೈಮುಗಿದಿದ್ದರು. ಡಾಕ್ಟರು ವಾದ ಮಾಡಲಿಲ್ಲ, ಸುಳ್ಳು ಹೇಳುತ್ತೇನೆಂದು ಒಪ್ಪಲೂ ಇಲ್ಲ. "ನಾನಾಗಿ ಹೇಳುವುದಿಲ್ಲ. ಅವರಾಗಿ ಕೇಳಿದರೆ ಅವರಿಗೆ ಏನು ಗೊತ್ತಿದೆ ಎಂದು ಮೊದಲು ಕೇಳುತ್ತೇನೆ" ಎಂದರು. ಮೂರನೆಯ ಭೇಟಿಯಲ್ಲಿ ಕೇಳಿಯೂ ಕೇಳಿದರು. ಅತ್ತೆ ನನ್ನ ಕಡೆ ತಿರುಗಿ, "ಮಾಣಿ, ನಂಗೆ ಗೊತ್ತಿತ್ತು ಅಂತ ಹೇಳು ಇವರಿಗೆ. ನಿನ್ನ ಭಾವನಿಗೆ ಹೇಳ್ಬೇಡ, ಬೇಜಾರು ಮಾಡ್ಕೊಳ್ತ" ಎಂದರು. ತಾಯಿ ಮಗನಿಂದ, ಮಗ ತಾಯಿಯಿಂದ ಎರಡು ತಿಂಗಳು ಒಂದೇ ಸುದ್ದಿಯನ್ನು ಮುಚ್ಚಿಟ್ಟಿದ್ದರು. ಆ ಮೇಲೆ ಬ್ಯಾಂಕಿನ ಲಾಕರು, ಮಗಳಿಗೆ ಕೊಡಬೇಕಾದ ಬಳೆ, ಊರಿನ ಮನೆಯ ಪಾಲು ಎಲ್ಲ ಮಾತಾಯಿತು. ಉಸಿರು ಕಟ್ಟಿದರೆ ಐಸಿಯುಗೆ ಸೇರಿಸಬೇಡಿ ಎಂಬುದನ್ನೂ ಅತ್ತೆಯೇ ಹೇಳಿದರು. ಸುಪ್ರೀಂ ಕೋರ್ಟು 2018ರಲ್ಲಿ ಇಂಥ ಮುಂಗಡ ಇಚ್ಛಾಪತ್ರಕ್ಕೆ ಮಾನ್ಯತೆ ಕೊಟ್ಟಿದೆ. ಮೊದಲು ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, 2023ರ ಜನವರಿಯಿಂದ ಇಬ್ಬರು ಸಾಕ್ಷಿಗಳ ಜೊತೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು.

ಮನೆಯೋ, ಹಾಸ್ಪೈಸ್ ಕಟ್ಟಡವೋ ಎಂಬ ಚರ್ಚೆಯೂ ನಡೆಯಿತು. ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಶುರು ಮಾಡಿದ ಮೇಲೆ ಬೆಳೆದ ಪದ್ಧತಿ ಇದು. ನಮ್ಮಲ್ಲಿ ಮೊದಲನೆಯದು ಮುಂಬೈ ಬಾಂದ್ರಾದ ಶಾಂತಿ ಅವೇದನಾ ಸದನ, 1986ರದ್ದು. ಪುಣೆಯ ವಾರ್ಜೆಯಲ್ಲಿ ಸಿಪ್ಲಾದವರ ಕೇಂದ್ರವಿದೆ. ಬೆಂಗಳೂರಿನ ಮಾರತ್ತಹಳ್ಳಿ ಬಳಿಯ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ಪೈಸೆ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ಚೆನ್ನೈಯಲ್ಲಿ ಮಣಲಿ ಹತ್ತಿರದ ಮಾತೂರಿನಲ್ಲಿ ಜೀವೋದಯವಿದೆ. ತಮಿಳುನಾಡು ಸರ್ಕಾರದ ಮಕ್ಕಳೈ ತೇಡಿ ಮರುತ್ತುವಂ ಯೋಜನೆಯಲ್ಲೂ, 2021ರ ಆಗಸ್ಟಿನಿಂದ, ಮನೆಗೇ ಬಂದು ಈ ಆರೈಕೆ ಕೊಡುವ ಏರ್ಪಾಡಿದೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು. ದುಡ್ಡಿಲ್ಲದ ಮನೆಯವರು ಇದನ್ನು ಕೇಳದೆ ಬಿಡಬಾರದು. ಅತ್ತೆ ಮಾತ್ರ ಮೆಟ್ಟಿಲು ಇಳಿಯಲು ಒಪ್ಪಲಿಲ್ಲ. ಗಂಗಾಧರೇಶ್ವರನ ಗುಡಿ ಇಲ್ಲೇ ಇದೆ, ಮತ್ತೆಲ್ಲಿಗೆ ಹೋಗಲಿ ಎಂದರು. (ಈ ಊರಿಗೆ ಹೆಸರು ಕೊಟ್ಟ ಪುರಸು ಮರವೆಂದರೆ ನಮ್ಮ ಮುತ್ತುಗ ಎನ್ನುತ್ತಾರೆ. ಆ ಎಲೆಯಲ್ಲಿ ಊಟ ಮಾಡಿ ಬೆಳೆದವರು ಅತ್ತೆ.)

ಮನೆಯಲ್ಲೇ ಎಂದಾದ ಮೇಲೆ ಉಳಿದದ್ದು ರಾತ್ರಿಯ ಪ್ರಶ್ನೆ. ಹಗಲು ಎಲ್ಲರೂ ಒಳ್ಳೆಯವರೇ. ಎರಡನೆಯ ತಂಡಕ್ಕೆ ಒಪ್ಪಿಗೆ ಹೇಳುವ ಮೊದಲು ನಾನು ಬೇಕೆಂದೇ ಒಂದು ಶನಿವಾರ ರಾತ್ರಿ ಹನ್ನೊಂದೂವರೆಗೆ ಅವರು ಕೊಟ್ಟ ನಂಬರಿಗೆ ಫೋನ್ ಮಾಡಿದೆ. ನಾಲ್ಕನೇ ರಿಂಗಿಗೆ ನಿದ್ದೆಗಣ್ಣಿನ ದನಿ. ಪರೀಕ್ಷೆಗೆ ಮಾಡಿದ್ದೆಂದು ಹೇಳದೆ, ಮಾತ್ರೆ ನುಂಗಲಾಗದಿದ್ದರೆ ಏನು ಮಾಡುವುದು ಎಂದು ಕೇಳಿದೆ. ಚರ್ಮದಡಿ ಸಣ್ಣ ಸೂಜಿ ಕೂರಿಸಿ ಅದರ ಮೂಲಕವೇ ಕೊಡುವುದನ್ನು ಮನೆಯವರಿಗೆ ಕಲಿಸುತ್ತೇವೆ ಎಂದು ವಿವರಿಸಿದರು. ಮೊದಲ ಸಂಸ್ಥೆಯ ರಾತ್ರಿ ನಂಬರಿನಲ್ಲಿ ಸಂಗೀತ ಬರುತ್ತಿತ್ತು, ಆಮೇಲೆ "ತುರ್ತು ಇದ್ದರೆ ಆಂಬುಲೆನ್ಸ್ ಕರೆಯಿರಿ". ಆಂಬುಲೆನ್ಸ್ ಬಂದರೆ ಅದು ಹೋಗುವುದು ಆಸ್ಪತ್ರೆಗೆ, ಆಸ್ಪತ್ರೆಯವರು ಹಾಕುವುದು ಐಸಿಯುಗೆ.

ಇನ್ನೊಂದು ಪ್ರಶ್ನೆ ಕೇಳಲು ಬಾಯಿ ಬರುವುದಿಲ್ಲ, ಆದರೂ ಕೇಳಬೇಕು. ಮನೆಯಲ್ಲಿ ತೀರಿಕೊಂಡರೆ ಸರ್ಟಿಫಿಕೇಟ್ ಯಾರು ಕೊಡುತ್ತಾರೆ? ಆಸ್ಪತ್ರೆಯ ಹೊರಗಿನ ಸಾವಿಗೆ, ನೋಡುತ್ತಿದ್ದ ಡಾಕ್ಟರು 4ಎ ನಮೂನೆಯಲ್ಲಿ ಕಾರಣ ಬರೆದು ಸಹಿ ಹಾಕಬೇಕು. ಇಲ್ಲದಿದ್ದರೆ ಸ್ಮಶಾನದಲ್ಲೂ ಕಾರ್ಪೊರೇಷನ್ ಕಚೇರಿಯಲ್ಲೂ ಅಲೆದಾಟ. ಪರಿಚಯವೇ ಇಲ್ಲದ ಡಾಕ್ಟರು ಬೆಳಗಿನ ಜಾವ ಬಂದು ಸಹಿ ಹಾಕುವುದಿಲ್ಲ. ಈ ತಂಡದವರು ಕೇಳುವ ಮೊದಲೇ ಹೇಳಿದ್ದರು: ಯಾವ ಹೊತ್ತಾದರೂ ನಾವು ಬರುತ್ತೇವೆ, ನೀವು ಯಾರಿಗೂ ಓಡಬೇಡಿ.

ಹಾಗೆಯೇ ಆಯಿತು. ಮಾರ್ಗಶಿರದ ಒಂದು ಬೆಳಗಿನ ಜಾವ, ಮೂರೂವರೆಗೆ. ಕೊನೆಯ ಐದು ವಾರ ಅತ್ತೆ ಮಲಗಿ ನಿದ್ದೆ ಮಾಡಿದ್ದರು. ಎರಡು ದಿನ ಮೊದಲು ಸಾರು ಕೇಳಿ ಎರಡು ಚಮಚ ಕುಡಿದಿದ್ದರು, ಉಪ್ಪು ಸಾಲದು ಎಂದಿದ್ದರು. ಡಾಕ್ಟರು ಐದರ ಒಳಗೆ ಬಂದರು.

ಹದಿನಾಲ್ಕನೆಯ ದಿನ ನರ್ಸಮ್ಮ ಬಂದು ಭಾವನ ಹತ್ತಿರ ಒಂದು ಗಂಟೆ ಕೂತಿದ್ದರು. ಹೊರಡುವಾಗ ಉಳಿದ ಮಾರ್ಫಿನ್ ಮಾತ್ರೆಗಳನ್ನು ನಮ್ಮೆದುರೇ ಎಣಿಸಿದರು, ಇಪ್ಪತ್ತೆರಡು. ರಿಜಿಸ್ಟರಿನಲ್ಲಿ ಬರೆದು ಭಾವನ ಸಹಿ ತೆಗೆದುಕೊಂಡರು. ಗಾಳಿ ತುಂಬುವ ಹಾಸಿಗೆಯನ್ನು ಮಡಚಿ ವ್ಯಾನಿಗೆ ಹಾಕುತ್ತ, ಅಯನಾವರಂನಲ್ಲಿ ಒಬ್ಬರು ಎರಡು ದಿನದಿಂದ ಇದಕ್ಕಾಗಿ ಕಾಯುತ್ತಿದ್ದಾರೆ ಎಂದರು.