ಸದ್ವರ್ತನೆಯ ಬಹುಮಾನವೂ ಆಡದ ಮಗುವೂ

ನಮ್ಮ ಶಾಲೆಯ ವಾರ್ಷಿಕೋತ್ಸವದ ದಿವಸ ಕೆಳಗಿನ ತರಗತಿಗಳ ಬಾಲಿಕೆಯರಿಗೆ ಕೊಡಲ್ಪಡುವ ಬಹುಮಾನಗಳಲ್ಲಿ ಸದ್ವರ್ತನೆಗೆಂದು ಒಂದು ಇರುವದಷ್ಟೆ. ಈ ಸಂಚಿಕೆಯನ್ನೋದುವ ಪೂರ್ವ ವಿದ್ಯಾರ್ಥಿನಿಯರಲ್ಲಿ ಅದನ್ನು ಪಡೆದವರೂ ಕೆಲವರಿರಬಹುದು. ಅವರು ನನ್ನ ಮೇಲೆ ಮುನಿಯಬಾರದು. ಇಪ್ಪತ್ತಾರು ವರುಷ ಒಂದನೆಯ ತರಗತಿಗೆ ಕಲಿಸಿದ ನಾನೇ ಆ ಬಹುಮಾನಕ್ಕೆ ಹೆಸರುಗಳನ್ನು ಬರೆದುಕೊಡುತ್ತಿದ್ದವಳು. ಗದ್ದಲ ಮಾಡದೆ, ಕೈಕಟ್ಟಿ ಕುಳಿತು, ಕೇಳಿದ್ದಕ್ಕೆ ಮಾತ್ರ ಉತ್ತರವಿತ್ತು, ಬಿಡುವಿನ ವೇಳೆಯಲ್ಲಿಯೂ ಅಂಗಳಕ್ಕಿಳಿಯದ ಮಗುವೇ ನಮ್ಮ ಎಣಿಕೆಯಲ್ಲಿ ಸದ್ವರ್ತನೆಯುಳ್ಳದ್ದಾಗಿತ್ತು. ಆ ಎಣಿಕೆಯನ್ನು ಬಿಡಬೇಕೆಂಬುದೇ ಈ ಲೇಖನದ ಬಿನ್ನಹವು.

1994ನೆಯ ಇಸವಿಯ ನವೆಂಬರ ತಿಂಗಳಲ್ಲಿ ಆರು ವರುಷದ ಒಬ್ಬ ಹುಡುಗಿಯ ಹೆಸರನ್ನು ನಾನು ಆ ಪಟ್ಟಿಯಲ್ಲಿ ಬರೆದೆನು. ಜೂನಿನಲ್ಲಿ ಶಾಲೆ ಸೇರಿದಾಗ ಆಕೆಯು ಮಹಾ ಮಾತುಗಾತಿಯಾಗಿದ್ದಳು. ದಸರೆಯ ರಜೆ ಕಳೆದು ಬಂದ ಮೇಲೆ ತಣ್ಣಗಾಗಿದ್ದಳು. ಅಂತೂ ಶಿಸ್ತು ಬಂದಿತೆಂದು ನಾನು ಸಂತೋಷಪಟ್ಟೆನು. ವಾರಕ್ಕೆರಡು ಸಲ ಹೊಟ್ಟೆನೋವೆಂದು ಅಳುತ್ತಿದ್ದಳು. ಮನೆಯವರು ಜಂತಿನ ಔಷಧ ಕುಡಿಸಿದ್ದರು. ಹೀಗಿರಲು ಒಂದು ಸಂಜೆ ಆಕೆಯ ಅಜ್ಜಿಯು ಶಾಲೆಯ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, "ಅಕ್ಕಾರ, ನಮ್ಮ ಕೂಸು ಆಡೂದು ಬಿಟ್ಟು ತಿಂಗಳಾತು. ಇಲ್ಲೆ ಸಾಲ್ಯಾಗರೆ ಆಡತಾಳೇನ್ರಿ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ಹುಡುಗಿಗೆ ಎಷ್ಟು ಅಕ್ಷರ ಬರುತ್ತವೆ, ಎಷ್ಟರ ವರೆಗೆ ಎಣಿಸುತ್ತಾಳೆ ಎಂಬದನ್ನೆಲ್ಲ ನಾನು ಬಲ್ಲೆನು. ಆಡುತ್ತಾಳೋ ಇಲ್ಲವೋ ಎಂಬದನ್ನು ಒಂದು ದಿನವೂ ನೋಡಿರಲಿಲ್ಲ.

ಅಜ್ಜಿಯು ಹೇಳಿದ್ದಿಷ್ಟು. ಅಡಿಗೆಯಾಟದ ಮಣ್ಣಿನ ಗಡಿಗೆ ಮುಚ್ಚಳಗಳು ಬುಟ್ಟಿಯಲ್ಲಿ ಹಾಗೆಯೇ ಬಿದ್ದಿವೆ. ಗೆಳತಿಯರು ಕರೆಯಬಂದರೆ ಬಾಗಿಲ ಹಿಂದೆ ನಿಲ್ಲುತ್ತಾಳೆ. ಸಕ್ಕರೆ ಹಚ್ಚಿದ ಚಪಾತಿಯೂ ಬೇಡವಾಗಿದೆ. ರಾತ್ರಿ ಮಗ್ಗುಲಲ್ಲಿ ಮಲಗಿ, "ನಾ ಕೆಟ್ಟಾಕಿ ಅದೀನಿ, ಅದಕ್ಕ ಅವ್ವ ಅಳತಾಳ" ಎನ್ನುತ್ತಾಳೆ. ತಾಯಿಯು ಗಣೇಶ ಚೌತಿಯ ಸುಮಾರಿಗೆ ಎರಡನೆಯ ಹೆರಿಗೆಯಾದಂದಿನಿಂದ ಮಂಕಾಗಿದ್ದಳು. ಅದನ್ನು ಎಲ್ಲರೂ ಬಾಣಂತಿಯ ಆಯಾಸವೆಂದುಕೊಂಡಿದ್ದರು. ಪಟ್ಟಣದ ಮನೋವೈದ್ಯರು ನೋಡಿ, ತಾಯಿ ಮಗಳಿಬ್ಬರಿಗೂ ಖಿನ್ನತೆಯೆಂದು ಹೇಳಿದರು. ಮಗುವಿಗೆ ಗುಳಿಗೆ ಕೊಡಲಿಲ್ಲ. ಮೊದಲು ತಾಯಿಗೆ ಚಿಕಿತ್ಸೆ ಮಾಡಿದರು, ಮತ್ತು ತಂದೆಯು ದಿನಾಲು ಅರ್ಧ ತಾಸು ಮಗಳೊಡನೆ ನೆಲದ ಮೇಲೆ ಕುಳಿತು, ಆಕೆ ಹೇಳಿದಂತೆ ಆಡಬೇಕೆಂದು ವಿಧಿಸಿದರು.

ಇಷ್ಟಾದರೂ ಪಟ್ಟಿಯಿಂದ ಆಕೆಯ ಹೆಸರನ್ನು ಹೊಡೆದುಹಾಕುವ ಧೈರ್ಯ ನನಗಾಗಲಿಲ್ಲ. ಜನವರಿಯಲ್ಲಿ ಆ ಕೂಸು ವೇದಿಕೆಯನ್ನೇರಿ, ಮುಖದಲ್ಲಿ ನಗೆಯಿಲ್ಲದೆ ಬಹುಮಾನ ತೆಗೆದುಕೊಂಡಿತು, ನಾವೆಲ್ಲರೂ ಚಪ್ಪಾಳೆಯಿಕ್ಕಿದೆವು. ಯುಗಾದಿಯ ಹೊತ್ತಿಗೆ ಅದೇ ಹುಡುಗಿಯು ಪೆನ್ಸಿಲಿನ ಜಗಳದಲ್ಲಿ ನೆರೆಯವಳ ಕೈ ಕಚ್ಚಿದಳೆಂಬ ದೂರು ಬಂದಿತು. ಶಾಲೆಯಲ್ಲಿ ನಾನು ಕೇಳಿದ ದೂರುಗಳಲ್ಲಿ ಇಷ್ಟು ಸಮಾಧಾನ ಕೊಟ್ಟದ್ದು ಮತ್ತೊಂದಿಲ್ಲ.

"ಹಾಲು ಕುಡಿಯುವ ಕೂಸಿಗೆಂಥ ಚಿಂತೆ?" ಎಂದು ಹಿರಿಯರು ಕೇಳುವರು. ಕೇಳಿದವರು ನಮ್ಮ ಹಿರಿಯರು ಮಾತ್ರವಲ್ಲ. ಮನಸ್ಸು ಪಕ್ವವಾಗುವ ಮುಂಚೆ ಖಿನ್ನತೆಯುಂಟಾಗಲಾರದೆಂದು ಯುರೋಪ ಅಮೆರಿಕಗಳ ಪಂಡಿತರಲ್ಲಿ ಅನೇಕರು ಬಹುಕಾಲ ನಂಬಿದ್ದರು. ರೆನೆ ಸ್ಪಿಟ್ಜ್ ಎಂಬ ವೈದ್ಯನು, ತಾಯಂದಿರಿಂದ ಅಗಲಿಸಲ್ಪಟ್ಟ ಎಳೆಗೂಸುಗಳು ಅತ್ತು ಅತ್ತು ಕೊನೆಗೆ ಅಳುವದನ್ನೂ ಬಿಟ್ಟು, ಉಣ್ಣದೆ, ಮುಖ ತಿರುವಿ ಮಲಗುವದನ್ನು ಕಂಡು 1946ರಲ್ಲಿ ಬರೆದನು. ತಾಯಿಯು ಬೇಗ ಮರಳಿದರೆ ಅವು ಚೇತರಿಸಿಕೊಳ್ಳುತ್ತಿದ್ದವು. ಈ ಶತಮಾನದ ಆರಂಭದಿಂದ ಅಮೆರಿಕದ ಸೇಂಟ್ ಲೂಯಿಸ್ ಪಟ್ಟಣದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜೋನ್ ಲೂಬಿ ಎಂಬ ವೈದ್ಯೆಯು ಮೂರರಿಂದ ಆರು ವರುಷದ ಮಕ್ಕಳನ್ನು ಪರೀಕ್ಷಿಸಿ, ಅಷ್ಟು ಎಳೆಯ ಪ್ರಾಯದಲ್ಲಿಯೂ ನಿಜವಾದ ಖಿನ್ನತೆಯುಂಟೆಂದು ತೋರಿಸಿರುವಳು. ಆಟದಲ್ಲಿ ಸಂತೋಷವಿಲ್ಲದಿರುವದು ಅದರ ಮುಖ್ಯ ಗುರುತುಗಳಲ್ಲೊಂದು ಎಂಬದು ಆಕೆಯ ಅಭಿಪ್ರಾಯವು. ನಮ್ಮ ಅಜ್ಜಿಯು ಯಾವ ಪುಸ್ತಕವನ್ನೂ ಓದದೆ ಇದನ್ನೇ ಕೇಳಿದ್ದಳು.

ದೊಡ್ಡವರಂತೆ "ನನಗೆ ದುಃಖವಾಗಿದೆ" ಎಂದು ಮಗುವು ಹೇಳದು. ಅದರ ದುಃಖವು ಬೇರೆ ವೇಷಗಳಲ್ಲಿ ಬರುವದು. ಕೆಲವು ಮಕ್ಕಳು ನಾನು ಹೇಳಿದ ಹುಡುಗಿಯಂತೆ ಮೌನವಾಗುವರು. ಬೇರೆ ಕೆಲವರು ಸಿಡುಕರಾಗಿ, ಸಣ್ಣ ಮಾತಿಗೆ ಕೂಗಿ, ಕೈಗೆ ಸಿಕ್ಕಿದ್ದನ್ನೆಸೆಯುವರು. ಇವರಿಗೆ ಬಹುಮಾನಕ್ಕೆ ಬದಲಾಗಿ ಏಟು ಬೀಳುವದು. ಕಾರಣ ತಿಳಿಯದ ಹೊಟ್ಟೆನೋವು ತಲೆನೋವುಗಳು, ನಿದ್ರೆ ಕೆಡುವದು, ಪ್ರಾಯಕ್ಕೆ ತಕ್ಕ ತೂಕವೇರದಿರುವದು, ಚಿಕ್ಕ ತಪ್ಪಿಗೂ ತಾನು ಕೆಟ್ಟವಳೆಂದು ಮರಮರನೆ ಮರುಗುವದು, ಗೊಂಬೆಯಾಟದಲ್ಲಿಯೂ ಸಾವಿನ ಮಾತನ್ನೇ ಮತ್ತೆ ಮತ್ತೆ ತರುವದು, ಇವೂ ಗಮನಿಸತಕ್ಕವುಗಳೇ. ಇಂಥವು ಕೆಲವು ಒಟ್ಟುಗೂಡಿ ಎರಡು ವಾರಕ್ಕೆ ಮೇಲ್ಪಟ್ಟು ಬಹುತೇಕ ದಿನವೂ ಕಾಣುತ್ತಿದ್ದರೆ ಸುಮ್ಮನಿರಕೂಡದು. "ಸಾಯುತ್ತೇನೆ" ಎಂದು ಮಗುವು ಒಮ್ಮೆ ಅಂದರೂ ಬಾಯಿಮಾತೆಂದು ನಗಬಾರದು. ಎರಡು ವಾರ ಕಾಯಲೂಬಾರದು.

ಹಾಗೆಂದು ನಾಚುಗುಳಿ ಮಕ್ಕಳನ್ನೆಲ್ಲ ವೈದ್ಯರಲ್ಲಿಗೆ ಎಳೆದುಕೊಂಡು ಹೋಗಿರೆಂದು ನಾನು ಹೇಳುವದಿಲ್ಲ. ನಾಚುವ ಹುಡುಗಿಯು ಶಾಲೆಯಲ್ಲಿ ತುಟಿಬಿಚ್ಚದಿದ್ದರೂ ಮನೆಯಲ್ಲಿ ತಂಗಿಯನ್ನು ಗೋಡೆಗೆ ಕೂಡ್ರಿಸಿ, ಕೋಲು ಹಿಡಿದು, ನನ್ನ ದನಿಯನ್ನೇ ಅಣಕಿಸಿ ಪಾಠ ಹೇಳುತ್ತಿರುವಳು. (ಇಂಥ ಒಬ್ಬಳ ತಾಯಿಯಿಂದಲೇ ನನ್ನ ದನಿಯು ಎಷ್ಟು ಕರ್ಕಶವೆಂದು ನನಗೆ ತಿಳಿಯಿತು.) ಅಜ್ಜನನ್ನು ಕಳಕೊಂಡ ಮಗುವು ಅಳುವದು, ನಡುವೆ ಎದ್ದು ಹೋಗಿ ಆಣೆಕಲ್ಲಾಡುವದು, ಮತ್ತೆ ಬಂದು ಅಳುವದು, ಅದು ಶೋಕವೇ ಹೊರತು ವ್ಯಾಧಿಯಲ್ಲ. ಮುಂಚೆ ಆಡುತ್ತಿದ್ದ ಮಗುವು ಎಲ್ಲಿಯೂ ಯಾರೊಡನೆಯೂ ಆಡದಂತಾದರೆ ಅದನ್ನೇ ಕುರಿತು ನನ್ನ ಭಯವು.

ಅಂಥ ವೇಳೆಯಲ್ಲಿ ಮೊದಲು ಮಕ್ಕಳ ವೈದ್ಯರಿಗೆ ತೋರಿಸಬೇಕು. ರಕ್ತಹೀನತೆ ಮೊದಲಾದ ದೇಹದ ಕಾರಣಗಳಿಂದಲೂ ಮಗುವು ಸೊರಗಬಹುದು. ಆಮೇಲೆ ಮನೋವೈದ್ಯರಲ್ಲಿಗೆ ಹೋಗಲು ನಾಚಬೇಡಿರಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳಿಗೆಂದೇ ಬೇರೆ ವಿಭಾಗವಿದೆ. ಅಷ್ಟು ದೂರ ಹೋಗಲಾರದವರು 2022ರ ಅಕ್ಟೋಬರದಲ್ಲಿ ಸರಕಾರವು ಆರಂಭಿಸಿದ ಟೆಲಿ ಮಾನಸ್ ದೂರವಾಣಿಗೆ, ಅಂದರೆ 14416 ಎಂಬ ಸಂಖ್ಯೆಗೆ, ಕರೆಮಾಡಿ ಕನ್ನಡದಲ್ಲಿಯೇ ಕೇಳಬಹುದು. ಅದಕ್ಕೆ ಹಣ ಬೀಳದು. ಎಳೆಯ ಮಕ್ಕಳಿಗೆ ಮೊದಲ ಚಿಕಿತ್ಸೆಯು ಗುಳಿಗೆಯಲ್ಲ, ತಾಯಿತಂದೆಗಳ ಮೂಲಕ ನಡೆಯುವಂಥದೇ. ಲೂಬಿಯವರ ತಂಡವು 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ತಾಯಿಯೋ ತಂದೆಯೋ ಮಗುವಿನೊಡನೆ ಆಡುವ ಬಗೆಯನ್ನೂ, ಅದರ ಅಳು ಸಿಟ್ಟುಗಳನ್ನು ಗದರಿಸದೆ ಕೇಳುವ ಬಗೆಯನ್ನೂ ಹದಿನೆಂಟು ವಾರ ಕಲಿಸಲಾಯಿತು. ಕಲಿಸದೆ ಕಾಯಿಸಿದವರ ಮಕ್ಕಳಿಗಿಂತ ಇವರ ಮಕ್ಕಳು ಬಹಳ ಹೆಚ್ಚಾಗಿ ಗುಣಹೊಂದಿದರು. ಇದರಲ್ಲಿ ಇನ್ನೊಂದು ಫಲವೂ ಕಂಡುಬಂದಿತು: ಕಲಿತ ತಾಯಿತಂದೆಗಳ ಸ್ವಂತ ಖಿನ್ನತೆಯೂ ಇಳಿಯಿತು. ಬಾಣಂತಿಯ ಕಣ್ಣೀರನ್ನು ಆಯಾಸವೆಂದು ತಳ್ಳಿಹಾಕುವ ಮನೆಗಳಲ್ಲಿ ಈ ಮಾತನ್ನು ಎರಡು ಸಲ ಓದಿಕೊಳ್ಳಲಿ.

ಇನ್ನು ಶಾಲೆಯ ಆಡಳಿತದವರಲ್ಲಿಯೂ ಪಾಲಕರಲ್ಲಿಯೂ ನನ್ನ ಬೇಡಿಕೆಯಿದು. ಮೂರನೆಯ ತರಗತಿಯ ವರೆಗೆ ಸದ್ವರ್ತನೆಯ ಬಹುಮಾನವನ್ನು ನಿಲ್ಲಿಸಬೇಕು. ಪ್ರಗತಿ ಪತ್ರಿಕೆಯಲ್ಲಿ ನಡತೆಯೆಂಬ ಅಂಕಣದ ಕೆಳಗೆ "ಯಾರೊಡನೆ ಏನು ಆಡುತ್ತಾಳೆ" ಎಂದು ಮತ್ತೊಂದು ಅಂಕಣವನ್ನು ಹಾಕಬೇಕು. ಅದನ್ನು ತುಂಬಬೇಕಾದ ಉಪಾಧ್ಯಾಯಿನಿಯು ಬಿಡುವಿನ ವೇಳೆಯಲ್ಲಿ ಅಂಗಳಕ್ಕೆ ಹೋಗಿ ನಿಲ್ಲಲೇಬೇಕಾಗುವದು. ಮನೆಯಲ್ಲಿ ಆಟ ನಿಂತಿದ್ದರೆ ತಾಯಿಯು ಅದೇ ಅಂಕಣದಲ್ಲಿ ಬರೆದು ಕಳುಹಲಿ. ಆ ಬಹುಮಾನಕ್ಕೆಂದು ದತ್ತಿಯನ್ನಿಟ್ಟ ಪೂರ್ವ ವಿದ್ಯಾರ್ಥಿನಿಯರು ಒಪ್ಪಿದರೆ, ಅದರ ಬಡ್ಡಿಯಿಂದ ಒಂದನೆಯ ತರಗತಿಗೆ ಮಣ್ಣಿನ ಗಡಿಗೆಗಳನ್ನೂ ಗೊಂಬೆಗಳನ್ನೂ ಕೊಳ್ಳಬಹುದು.