ಭೇಟಿಯ ಲೆಕ್ಕ ಸಾಕು, ಮಕ್ಕಳ ಲೆಕ್ಕ ಕೊಡಿ
ಸಿಂಧನೂರು, ಲಿಂಗಸೂಗೂರು, ಮಸ್ಕಿ ತಾಲ್ಲೂಕುಗಳ ಮಹಾಜನರಲ್ಲಿ ವಿಜ್ಞಾಪನೆ



ಬೆಂಗಳೂರಿಗೆ ಗುಳೆ ಹೋದ ತಾಯಿತಂದೆಗಳು ದೊಡ್ಡಪ್ಪನ ಮನೆಯಲ್ಲಿ ಬಿಟ್ಟುಹೋಗಿದ್ದ ನಾಲ್ಕು ವರುಷದ ಹುಡುಗನೊಬ್ಬನ ಬೆನ್ನಿನ ಮೇಲೆ ಕಾದ ಸೌಟಿನ ಬರೆಗಳು ಎದ್ದಿದ್ದ ವಾರದಲ್ಲಿಯೇ, ಆ ಮನೆಯ ಹೆಸರಿನ ಮುಂದೆ ಮನೆಭೇಟಿಯ ವಹಿಯಲ್ಲಿ 'ಭೇಟಿ ಪೂರ್ಣ, ಮಗು ಕ್ಷೇಮ' ಎಂದು ಬರೆದಿತ್ತೆಂಬ ಸಂಗತಿ ಈ ಭಾಗದಲ್ಲಿ ಈಗ ಯಾರಿಗೂ ಹೊಸದಲ್ಲ. ಮಗುವಿನ ಗುರುತನ್ನು ಪ್ರಕಟಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯು ನಿಷೇಧಿಸಿರುವುದರಿಂದ ಊರಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ. ಮಸ್ಕಿಯವರು ಅದು ತಮ್ಮ ನೆರೆಯ ಊರೆಂದೂ, ಸಿಂಧನೂರಿನ ಕಾಲುವೆಯ ಕೆಳಗಿನವರು ತಮ್ಮದೇ ಕ್ಯಾಂಪೆಂದೂ ಭಾವಿಸುವಷ್ಟು ಮಂದಿ ಇಂಥ ಮಕ್ಕಳು ನಮ್ಮಲ್ಲಿದ್ದಾರೆ.

ಭೇಟಿ ಪೂರ್ಣ! ಯಾರ ಭೇಟಿ, ಯಾರಿಗೆ ಪೂರ್ಣ?

ಮನೆಭೇಟಿಯ ಪದ್ಧತಿಯನ್ನು ನಾವು ದೂಷಿಸುತ್ತಿಲ್ಲ. 1975ರ ಗಾಂಧಿಜಯಂತಿಯಂದು ಆರಂಭವಾದ ಶಿಶು ಅಭಿವೃದ್ಧಿ ಯೋಜನೆಯಿಂದ ಅಂಗನವಾಡಿಯೂ, 2005ರ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಆಶಾ ಕಾರ್ಯಕರ್ತೆಯೂ ನಮ್ಮ ಓಣಿಗಳಿಗೆ ಬಂದುದು ಪುಣ್ಯವೇ ಸರಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ 42 ದಿನಗಳೊಳಗೆ 6 ಸಲವೂ, ಮಗುವಿಗೆ 15 ತಿಂಗಳಾಗುವವರೆಗೆ ಮತ್ತೆ 5 ಸಲವೂ ಆಶಾ ಕಾರ್ಯಕರ್ತೆ ಹೋಗಬೇಕೆಂಬುದು ನಿಯಮ. ತೂಕ, ಮೊಲೆಹಾಲು, ಚುಚ್ಚುಮದ್ದು, ಕೈತೊಳೆಯುವ ಕ್ರಮ, ಇವೆಲ್ಲವನ್ನೂ ವಿಚಾರಿಸತಕ್ಕ ಆ ಹೆಣ್ಣುಮಗಳಿಗೆ, ಕುಡಿದು ಬಂದ ಗಂಡನು ತೊಟ್ಟಿಲನ್ನು ಒದ್ದನೇ ಎಂಬುದನ್ನು ಬರೆದುಕೊಳ್ಳಲು ನಾವು ಕಂಡ ವಹಿಗಳಲ್ಲಿ ಒಂದಂಗುಲ ಜಾಗವಿರಲಿಲ್ಲ. ಮೊದಲ 42 ದಿನಗಳ ಭೇಟಿಗಳು ಮುಗಿದು ಚೀಟಿ ತುಂಬಿದರೆ ಆಕೆಗೆ ದೊರೆಯುವ ಪ್ರೋತ್ಸಾಹಧನ 250 ರೂಪಾಯಿ. ಬರೆಯನ್ನು ಕಂಡು ಬಾಯಿ ಬಿಟ್ಟರೆ ದೊರೆಯುವುದು ಆ ಮನೆಯವರ ಬೈಗುಳ. ಇಂಥ ವ್ಯವಸ್ಥೆಯನ್ನು ಕಟ್ಟಿದವರು ಅವಳ ಮೌನಕ್ಕೆ ಆಶ್ಚರ್ಯಪಡುವುದು ವಿನೋದವಾಗಿದೆ.

ಹಿಂಸೆಯು ಮನೆಯೊಳಗೇ ಇದೆಯೆಂಬುದು ಊಹೆಯಲ್ಲ. 2007ರಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ಪ್ರಕಟಿಸಿದ ಅಧ್ಯಯನವು 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ವಿಚಾರಿಸಿ, ಮೂವರಲ್ಲಿ ಇಬ್ಬರು ಹೊಡೆತ ತಿಂದವರೆಂದೂ, ಕುಟುಂಬದಲ್ಲಿ ಹೊಡೆಯುವವರು ಬಹುಪಾಲು ಹೆತ್ತವರೇ ಎಂದೂ ಸಾರಿತು. ಆ 13 ರಾಜ್ಯಗಳಲ್ಲಿ ಕರ್ನಾಟಕವಿರಲಿಲ್ಲ. ನಮ್ಮ ಮಕ್ಕಳನ್ನು ಅಂದೂ ಯಾರೂ ಕೇಳಲಿಲ್ಲ; ಇಂದು ತಿಂಗಳು ತಿಂಗಳೂ ಮನೆಗೆ ಬಂದು ಹೋಗುವವರಿದ್ದರೂ ಕೇಳುವವರಿಲ್ಲ. ಹತ್ತಿಯ ಹೂವಿಗೆ ಪರಾಗ ಮುಟ್ಟಿಸುವ ಕ್ರಾಸಿಂಗ್ ಕಾಲ ಬಂದಿತೆಂದರೆ ಬೆಳಗಾಗುವ ಮುನ್ನ ಟಂಟಂ ತುಂಬಿಕೊಂಡು ಕೂಲಿಗೆ ಹೋಗುವ ಹುಡುಗಿಯರ ಮನೆಗಳಿಗೂ ಭೇಟಿ ಪೂರ್ಣ. ಹದಿನೈದಕ್ಕೇ ಅರಿಸಿನ ಹಚ್ಚಿಸಿಕೊಂಡವಳ ಮನೆಗೂ ಭೇಟಿ ಪೂರ್ಣ.

ಇಂಥ ಭೇಟಿಗಳ ಫಲವನ್ನು ಅಳೆಯುವುದು ಅಸಾಧ್ಯವೆಂದು ಹೇಳುವ ಪಂಡಿತರಿಗೆ ನೆರೆರಾಜ್ಯದ ಗಡಚಿರೋಲಿಯನ್ನು ತೋರಿಸುತ್ತೇವೆ. ಅಲ್ಲಿ ಡಾ. ಅಭಯ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು 39 ಗ್ರಾಮಗಳಲ್ಲಿ ಹಳ್ಳಿಯ ಹೆಂಗಸರಿಂದಲೇ ಮನೆಮನೆಯ ಶಿಶುಪಾಲನೆ ನಡೆಯಿಸಿ, ಅದು ನಡೆಯದಿದ್ದ 47 ಗ್ರಾಮಗಳೊಡನೆ ಹೋಲಿಸಿ, ನವಜಾತ ಶಿಶುಗಳ ಮರಣವು ಅರ್ಧಕ್ಕಿಂತ ಹೆಚ್ಚು ಇಳಿದುದನ್ನು 1999ರಲ್ಲಿ ಲೋಕದ ಮುಂದಿಟ್ಟರು. ಅಮೆರಿಕದ ಎಲ್ಮೈರಾ ಎಂಬ ಪಟ್ಟಣದಲ್ಲಿ ಡೇವಿಡ್ ಓಲ್ಡ್ಸ್ ಎಂಬವರು ಬಸುರಿಯರ ಮನೆಗೆ ದಾದಿಯರನ್ನು ಕಳುಹಿಸಿ, 15 ವರ್ಷಗಳ ಅನಂತರವೂ ಆ ಕುಟುಂಬಗಳನ್ನು ಬಿಡದೆ ಹುಡುಕಿ ನೋಡಲಾಗಿ, ಮಕ್ಕಳ ಹಿಂಸೆ ಮತ್ತು ಅಲಕ್ಷ್ಯದ ದೃಢಪಟ್ಟ ಪ್ರಕರಣಗಳು ಭೇಟಿಯಿಲ್ಲದ ಮನೆಗಳಲ್ಲಿದ್ದುದರ ಸುಮಾರು ಅರ್ಧಕ್ಕೆ ಇಳಿದಿದ್ದುವು. ಆದರೆ ಗಂಡನ ಹೊಡೆತ ಅತಿಯಾಗಿದ್ದ ಮನೆಗಳಲ್ಲಿ ಆ ಫಲವು ಕಾಣಲಿಲ್ಲವೆಂಬುದನ್ನೂ ಅವರ ತಂಡವು ಮುಚ್ಚಿಡದೆ ಪ್ರಕಟಿಸಿತು. ಎಲ್ಲಿ ಫಲಿಸಿತು, ಎಲ್ಲಿ ಸೋತಿತು ಎಂದು ಹೇಳಬಲ್ಲ ಇಂಥ ಪ್ರಾಮಾಣಿಕತೆಯನ್ನೇ ನಾವು ಬೇಡುತ್ತಿರುವುದು.

'ಮೌಲ್ಯಮಾಪನಕ್ಕೆ ಹಣವೆಲ್ಲಿದೆ' ಎನ್ನುತ್ತಾರೆ ಅಧಿಕಾರಿಗಳು. ನಿಜ, ಬ್ಯಾನರಿಗೂ ಶಾಲಿಗೂ ಹಾರಕ್ಕೂ ಕಾರ್ಯಾಗಾರದ ಹೋಳಿಗೆಯೂಟಕ್ಕೂ ಖರ್ಚಾದ ಮೇಲೆ ಮಿಕ್ಕೀತು ಹೇಗೆ? 'ಹೆತ್ತವರು ಹೊಡೆದರೆ ಅದು ಮನೆಯ ವಿಷಯ' ಎನ್ನುತ್ತಾರೆ. ಮನೆಯ ವಿಷಯಕ್ಕೆ ಮನೆಗೇ ಅಲ್ಲವೇ ಭೇಟಿ ಕೊಡುತ್ತಿರುವುದು? 'ಕೇಳಲು ತೊಡಗಿದರೆ ದೂರುಗಳು ಹೆಚ್ಚುತ್ತವೆ' ಎಂಬುದು ಇನ್ನೊಂದು ಭಯ. ಹೆಚ್ಚಲಿ! ಮೊದಲ ವರ್ಷ ಸಂಖ್ಯೆ ಏರಿದರೆ ಹಿಂಸೆಯು ಹೆಚ್ಚಿತೆಂದು ಅರ್ಥವಲ್ಲ, ಅಡಗಿದ್ದುದು ಹೊರಬಿದ್ದಿತೆಂದು ಅರ್ಥ.

ಇನ್ನು ನಮ್ಮ ಮಿತ್ರರೆನಿಸಿಕೊಂಡವರ ಮಾತು. ಎಲ್ಲ ದೋಷವನ್ನೂ ಅಂಗನವಾಡಿ ಕಾರ್ಯಕರ್ತೆಯ ತಲೆಗೆ ಕಟ್ಟಿ ಅವಳ ವಜಾಕ್ಕಾಗಿ ತಹಸೀಲ್ದಾರರ ಕಚೇರಿಯ ಮುಂದೆ ಕೂಗಿ, ಭಾವಚಿತ್ರ ತೆಗೆಯಿಸಿಕೊಂಡು ಸಂಜೆಗೆ ಮನೆ ಸೇರಿದ ಯುವವೀರರಿಗೆ, ಆಕೆಗೆ ಮತದಾರರ ಪಟ್ಟಿಯಿಂದ ಹಿಡಿದು ಮೊಬೈಲಿನ ಪೋಷಣ್ ಟ್ರ್ಯಾಕರ್‌ವರೆಗೆ ಎಷ್ಟು ಕೆಲಸಗಳೆಂಬ ಅರಿವಿಲ್ಲ. ಅತ್ತ, ಯಾವ ಪ್ರಶ್ನೆ ಕೇಳಿದರೂ 'ಕಾರ್ಯಕರ್ತೆಯರ ಮೇಲೆ ದಾಳಿ' ಎಂದು ಅಬ್ಬರಿಸುವ ಮುಂದಾಳುಗಳು, ಬರೆಯೆದ್ದ ಬೆನ್ನನ್ನು ಒಮ್ಮೆಯೂ ನೋಡಲು ಬಂದವರಲ್ಲ. ಒಬ್ಬರಿಗೆ ಬಲಿ ಬೇಕು, ಇನ್ನೊಬ್ಬರಿಗೆ ಮರೆ ಬೇಕು. ಮಗು ಯಾರಿಗೂ ಬೇಡ.

1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನದಲ್ಲಿ ಅಶೋಕನು ತನ್ನ ಮಾತನ್ನು ಯಾರು ಬೇಕಾದರೂ ನೋಡುವಂತೆ ಬಂಡೆಯ ಮೇಲೆ ಕೆತ್ತಿಸಿದನು. ಅದೇ ಮಸ್ಕಿಯಲ್ಲಿ ಇಂದಿನ ವಹಿಯು ಬೀರುವಿನಲ್ಲಿ ಬೀಗದೊಳಗಿದೆ. ಆದುದರಿಂದ ನವೆಂಬರಿನಲ್ಲಿ ಸೇರತಕ್ಕ ಮಕ್ಕಳ ಗ್ರಾಮಸಭೆಗೆ ಆ ಲೆಕ್ಕವು ಬರಲಿ. ಮಕ್ಕಳ ಹೆಸರುಗಳನ್ನು ಬಿಟ್ಟು, ಎಷ್ಟು ಮನೆಗಳಲ್ಲಿ ಹಿಂಸೆ ಕಂಡಿತು, ಏನು ಮಾಡಲಾಯಿತು, ಮುಂದಿನ ಭೇಟಿಯ ಹೊತ್ತಿಗೆ ಅದು ನಿಂತಿತೇ ಎಂಬುದನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಯಿಸಲಿ. ಅಳೆಯುವ ಕ್ರಮವನ್ನು ತಿಳಿದವರು ಕೂಡಿ ನಿಶ್ಚಯಿಸಲಿ. ಅಳೆಯದಿರುವ ಕ್ರಮ ಮಾತ್ರ ಇನ್ನು ಸಲ್ಲದು.

ಓದಿದವರು ಓದಲು ಬಾರದವರಿಗೆ ಇದನ್ನು ಓದಿ ಹೇಳಿರಿ. ಪೆಟ್ಟು ತಿನ್ನುವ ಮಗು ಕಣ್ಣಿಗೆ ಬಿದ್ದರೆ ಸಭೆಯ ದಿನಕ್ಕಾಗಿ ಕಾಯದೆ 1098ಕ್ಕೆ ಕರೆ ಮಾಡಿರಿ. ಸಭೆಯ ದಿನ ಗದ್ದೆಯ ಕೆಲಸವನ್ನು ಅರ್ಧ ದಿನ ನಿಲ್ಲಿಸಿ, ಮಕ್ಕಳನ್ನು ಕರೆದುಕೊಂಡು ಪಂಚಾಯಿತಿಗೆ ಬನ್ನಿರಿ.

ಮೂರು ತಾಲ್ಲೂಕುಗಳ ಕೆಲವು ಪಾಲಕರು