ಮಕ್ಕಳ ಪಾಲನೆ: ಆಟಿಕೆಯನ್ನು ಕೊಳ್ಳುವುದಕ್ಕೆ ಮೊದಲು

ಮಗುವಿಗೆ ಆಟಿಕೆಯನ್ನು ತರುವಾಗ ತರುವವರ ಮನಸ್ಸಿನಲ್ಲಿ ಒಂದು ಚಿತ್ರವಿರುತ್ತದೆ. ಮಗುವು ಅದನ್ನು ಎರಡು ಕೈಗಳಿಂದಲೂ ತೆಗೆದುಕೊಂಡು ಕಣ್ಣರಳಿಸಿ ನಗುವುದು. ಅದನ್ನು ಕಂಡು ಹಿರಿಯರು ತಾವೂ ನಗುವುದು. ಈ ಚಿತ್ರವು ನಿಜವಾಗದೆ ಹೋದರೆ ಸಾಮಾನ್ಯವಾಗಿ ತಪ್ಪನ್ನು ಮಗುವಿನ ಮೇಲೆ ಹೊರಿಸುತ್ತೇವೆ. ಹಾಗೆ ಹೊರಿಸಿದವರಲ್ಲಿ ನಾವೂ ಸೇರಿದವರಾದ್ದರಿಂದ ಈ ತಿಂಗಳ ಮಾತನ್ನು ನಮ್ಮ ತಪ್ಪಿನಿಂದಲೇ ಆರಂಭಿಸುವುದು ನ್ಯಾಯವಾಗಿದೆ.

ಕೆಲವು ವರ್ಷಗಳ ಕೆಳಗೆ ನಮ್ಮ ತಂಗಿಯ ಮೊಮ್ಮಗನ ಮೂರನೆಯ ಹುಟ್ಟುಹಬ್ಬಕ್ಕೆ ಹೋಗಿದ್ದೆವು. ಅಂಗಡಿಯಲ್ಲಿ ಬೆಲೆಯುಳ್ಳದ್ದನ್ನೇ ಆರಿಸಿ ಒಂದು ರೈಲುಬಂಡಿಯನ್ನು ಒಯ್ದಿದ್ದೆವು. ಗುಂಡಿಯನ್ನು ಒತ್ತಿದರೆ ದೀಪಗಳು ಮಿನುಗುವುವು, ಹಾಡು ಹೊರಡುವುದು, ಬಂಡಿಯು ತನಗೆ ತಾನೇ ಸುತ್ತುವುದು. ನಾವು ಗುಂಡಿಯನ್ನು ಒತ್ತಿದ ಒಡನೆ ಮಗುವು ಎರಡು ಕಿವಿಗಳನ್ನೂ ಮುಚ್ಚಿಕೊಂಡು ಮಂಚದ ಕೆಳಗೆ ನುಸುಳಿತು. ಹೆದರಿಕೆ ಬಿಡಲೆಂದು ನಾವು ಮತ್ತೊಮ್ಮೆ ಒತ್ತಿದೆವು. ಮಗುವು ಚೀರಿ ತನ್ನ ಕೈಯನ್ನು ತಾನೇ ಕಚ್ಚಿಕೊಂಡಿತು. ನೆರೆದವರಲ್ಲಿ ಯಾರೋ, "ಮುದ್ದು ಹೆಚ್ಚಾದರೆ ಹೀಗೆಯೇ," ಎಂದರು. ಆಗ ಮಗುವಿನ ತಾಯಿಯು ನಮ್ಮ ಹತ್ತಿರ ಬಂದು, "ದೊಡ್ಡಮ್ಮಾ, ದಯಮಾಡಿ ಅದನ್ನು ನಿಲ್ಲಿಸಿ. ಅವನಿಗೆ ನೋಯುತ್ತದೆ," ಎಂದಳು.

ಆ ಮಾತನ್ನು ನಾವು ಅಂದು ನಂಬಲಿಲ್ಲ. ಶಬ್ದದಿಂದ ನೋವಾಗುವುದುಂಟೆ ಎಂದುಕೊಂಡೆವು. ಮನಸ್ಸಿನಲ್ಲಿ ಸ್ವಲ್ಪ ಬೇಸರವನ್ನೂ ಪಟ್ಟೆವು. ಆ ತಾಯಿಯು ಹೇಳಿದ್ದು ಅಕ್ಷರಶಃ ಸತ್ಯವೆಂಬುದು ಅನಂತರ ತಿಳಿದು ಕಲಿತು ಅರ್ಥವಾಯಿತು.

ಐದು ಇಂದ್ರಿಯಗಳನ್ನು ನಾವೆಲ್ಲರೂ ಬಲ್ಲೆವು. ಇವಲ್ಲದೆ ಇನ್ನೂ ಕೆಲವುಂಟು. ಒಳಗಿವಿಯಲ್ಲಿರುವ ಒಂದು ಅಂಗವು ದೇಹವು ತೂಗುತ್ತಿದೆಯೋ ತಿರುಗುತ್ತಿದೆಯೋ ವಾಲುತ್ತಿದೆಯೋ ಎಂಬುದನ್ನು ಮಿದುಳಿಗೆ ತಿಳಿಸುತ್ತದೆ. ಸ್ನಾಯುಗಳೂ ಕೀಲುಗಳೂ ಕೈಕಾಲುಗಳು ಎಲ್ಲಿವೆ, ಎಷ್ಟು ಬಲವನ್ನು ಹಾಕುತ್ತಿವೆ ಎಂಬ ಸುದ್ದಿಯನ್ನು ಕಳುಹಿಸುತ್ತವೆ. ಈ ಸುದ್ದಿಗಳನ್ನೆಲ್ಲ ಒಟ್ಟುಗೂಡಿಸಿ, ಬೇಕಾದುದನ್ನು ಹಿಡಿದು ಬೇಡವಾದುದನ್ನು ಬಿಡುವುದು ಮಿದುಳಿನ ಕೆಲಸ. ಕೆಲವು ಮಕ್ಕಳಲ್ಲಿ ಈ ಕೆಲಸವು ಎಲ್ಲರಲ್ಲಿ ನಡೆಯುವಂತೆ ನಡೆಯುವುದಿಲ್ಲ. ಒಂದು ಮಗುವಿಗೆ ಕುಕ್ಕರಿನ ಸೀಟಿಯೂ ಅಂಗಿಯ ಕೊರಳಪಟ್ಟಿಯ ಚೀಟಿಯೂ ಸಹಿಸಲಾಗದ ಬಾಧೆಯಾಗುತ್ತವೆ. ಇನ್ನೊಂದು ಮಗುವಿಗೆ ಸುದ್ದಿಯು ಮಂಕಾಗಿ ಮುಟ್ಟುವುದರಿಂದ ಅದು ಹಾರುತ್ತದೆ, ಗೋಡೆಗೆ ಒರಗಿ ಒತ್ತುತ್ತದೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ಒಂದೇ ಮಗುವು ಶಬ್ದಕ್ಕೆ ಅಂಜಿ ತೂಗಾಟಕ್ಕೆ ಹಂಬಲಿಸುವುದೂ ಉಂಟು.

ಈ ವಿಷಯವನ್ನು ಮೊದಲು ವ್ಯವಸ್ಥಿತವಾಗಿ ವಿವರಿಸಿದವರು ಅಮೆರಿಕದ ಎ. ಜೀನ್ ಏರ್ಸ್ ಎಂಬ ಮಹಿಳೆ. ಇವರು ಆಕ್ಯುಪೇಶನಲ್ ಥೆರಪಿಯಲ್ಲಿ, ಎಂದರೆ ದಿನದಿನದ ಕೆಲಸಗಳಿಗೆ ದೇಹವನ್ನು ಪಳಗಿಸುವ ಚಿಕಿತ್ಸೆಯಲ್ಲಿ, ನುರಿತವರು. 1972ರಲ್ಲಿ ಇದನ್ನು ಕುರಿತು ಗ್ರಂಥವನ್ನು ಪ್ರಕಟಿಸಿದರು. 2013ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ರೋಗನಿರ್ಣಯದ ಕೈಪಿಡಿಯನ್ನು ಪರಿಷ್ಕರಿಸಿದಾಗ ಇಂದ್ರಿಯಗಳ ಅತಿಸೂಕ್ಷ್ಮತೆಯನ್ನೂ ಮಂದತೆಯನ್ನೂ ಆಟಿಸಮಿನ ಲಕ್ಷಣಗಳಲ್ಲಿ ಸೇರಿಸಿದರು. ಆದರೆ ಇಂತಹ ತೊಂದರೆಯುಳ್ಳ ಮಕ್ಕಳೆಲ್ಲರಿಗೂ ಆಟಿಸಂ ಇರುವುದೆಂದು ತಿಳಿಯಬಾರದು. ಇದನ್ನೇ ಬೇರೊಂದು ರೋಗವೆಂದು ಹೆಸರಿಸುವ ವಿಷಯದಲ್ಲಿ ವೈದ್ಯರಲ್ಲಿ ಒಮ್ಮತವಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘವು 2012ರಲ್ಲಿ, ಇಂದ್ರಿಯಗಳಿಗೆ ಸಂಬಂಧಿಸಿದ ಚಿಕಿತ್ಸೆಗಳನ್ನು ಇತರ ಚಿಕಿತ್ಸೆಗಳ ಜೊತೆಗೆ ನಡೆಸಬಹುದು, ಆದರೆ ಅವುಗಳ ಫಲದ ವಿಷಯದಲ್ಲಿ ದೊರೆತಿರುವ ಪ್ರಮಾಣವು ಅಲ್ಪವೆಂಬುದನ್ನು ತಾಯ್ತಂದೆಗಳಿಗೆ ತಿಳಿಸತಕ್ಕದ್ದು ಎಂದು ಹೇಳಿತು. ಆದಕಾರಣ ಯಾವ ಆಟಿಕೆಯ ಪೆಟ್ಟಿಗೆಯ ಮೇಲಾದರೂ "ಇದರಿಂದ ಗುಣವಾಗುವುದು" ಎಂಬ ಅರ್ಥದ ಮಾತಿದ್ದರೆ ಅದನ್ನು ನಂಬಿ ಹಣವನ್ನು ಸುರಿಯಬಾರದು. ಆಟಿಕೆಯು ಔಷಧವಲ್ಲ. ಮಗುವಿಗೆ ನೆಮ್ಮದಿಯನ್ನೂ ಆಟದ ಸುಖವನ್ನೂ ಕೊಟ್ಟರೆ ಅದು ತನ್ನ ಕೆಲಸವನ್ನು ಮಾಡಿದಂತೆಯೇ.

ಹಾಗಾದರೆ ಆರಿಸುವುದು ಹೇಗೆ? ಮೊದಲು ಅಂಗಡಿಗೆ ಹೋಗಬಾರದು. ಮನೆಯಲ್ಲಿ ಕುಳಿತು ಮಗುವನ್ನು ನೋಡಬೇಕು. ಒಂದು ವಾರದ ಕಾಲ ಚಿಕ್ಕ ಪುಸ್ತಕವೊಂದರಲ್ಲಿ ನಾಲ್ಕು ಸಂಗತಿಗಳನ್ನು ಬರೆದಿಡಿರಿ. ಮಗುವು ಯಾವುದರಿಂದ ಓಡಿಹೋಗುತ್ತದೆ? ಯಾವುದನ್ನು ತಾನಾಗಿ ಹುಡುಕಿಕೊಂಡು ಹೋಗುತ್ತದೆ? ದಿನದ ಯಾವ ಹೊತ್ತಿನಲ್ಲಿ ಅದಕ್ಕೆ ಹೆಚ್ಚು ಕಷ್ಟ? ಅತ್ತ ಮೇಲೆ ಯಾವುದರಿಂದ ಸಮಾಧಾನಗೊಳ್ಳುತ್ತದೆ? ನಮ್ಮ ತಂಗಿಯ ಮಗಳು ಇಂತಹ ಪಟ್ಟಿಯನ್ನು ಬರೆದಾಗ, ಹುಡುಗನು ಮಿಕ್ಸರಿನ ಸದ್ದಿಗೆ ಅಡಿಗೆಮನೆಯಿಂದ ಓಡಿದರೂ ಸದ್ದು ನಿಂತ ಮೇಲೆ ದಿನವೂ ಮರಳಿ ಬಂದು ರಾಗಿಯ ಡಬ್ಬಿಯಲ್ಲಿ ಮೊಳಕೈವರೆಗೆ ಕೈ ಇಳಿಬಿಟ್ಟು ಸುಮ್ಮನೆ ನಿಲ್ಲುತ್ತಾನೆಂಬುದು ಗೊತ್ತಾಯಿತು. ಅದುವರೆಗೆ ಅದನ್ನು ತುಂಟತನವೆಂದು ಗದರಿಸುತ್ತಿದ್ದರು.

ಹೀಗೆ ಕಂಡುಕೊಂಡ ಮೇಲೆ ಆಟಿಕೆಯ ಆಯ್ಕೆಯು ಸುಲಭವಾಗುತ್ತದೆ. ಸ್ಪರ್ಶವನ್ನು ಬಯಸುವ ಮಗುವಿಗೆ ಅಗಲವಾದ ತಟ್ಟೆಯಲ್ಲಿ ರಾಗಿ, ಅಕ್ಕಿ ಅಥವಾ ಮರಳನ್ನು ಹಾಕಿ ಒಂದು ಪಾವನ್ನೂ ಸೌಟನ್ನೂ ಕೊಟ್ಟರೆ ಸಾಕು. ಚಪಾತಿಯ ಹಿಟ್ಟಿನ ಉಂಡೆ, ಬೆಚ್ಚನೆಯ ನೀರಿನ ಬೋಗುಣಿ, ಬಗೆಬಗೆಯ ಬಟ್ಟೆಯ ತುಂಡುಗಳು ಇವೂ ಒಳ್ಳೆಯವೇ. ಅಂಟುವ ವಸ್ತುವನ್ನು ಕಂಡರೆ ಅಸಹ್ಯಪಡುವ ಮಗುವಿನ ಕೈಯನ್ನು ಹಿಡಿದು ಹಿಟ್ಟಿನಲ್ಲಿ ಅದ್ದಬಾರದು. ಅದಕ್ಕೆ ಒಣಗಿದ, ನುಣುಪಾದ ವಸ್ತುಗಳೇ ಮೊದಲು. ಚನ್ನಪಟ್ಟಣದ ಮರದ ಆಟಿಕೆಗಳು ಇಂತಹ ಮಕ್ಕಳಿಗೆ ಚೆನ್ನಾಗಿ ಒಗ್ಗಬಹುದು. ಆಲೆಮರವನ್ನು ಕಡೆತದ ಯಂತ್ರದಲ್ಲಿ ತಿರುಗಿಸಿ, ಉಜ್ಜಾಟದ ಬಿಸಿಯಿಂದಲೇ ಬಣ್ಣದ ಅರಗನ್ನು ಹಿಡಿಸುವುದರಿಂದ ಇವುಗಳ ಮೈ ನುಣುಪು, ಅಂಚು ಗುಂಡು, ಸದ್ದು ಮೆತ್ತಗೆ. ಕೋಲಿಗೆ ಬಳೆಗಳನ್ನು ಪೋಣಿಸುವ ಆಟಿಕೆಯನ್ನು ಮಗುವು ತನ್ನ ವೇಗಕ್ಕೆ ತಾನೇ ಆಡಬಹುದು. ಗುಂಡಿಯೊತ್ತಿದರೆ ತಾನೇ ಕುಣಿಯುವ ಆಟಿಕೆಗೆ ಹೋಲಿಸಿದರೆ ಇದರಲ್ಲಿರುವ ಮುಖ್ಯ ಲಾಭ ಇದೇ: ಎಷ್ಟು ಸದ್ದು, ಎಷ್ಟು ಚಲನೆ ಎಂಬುದು ಮಗುವಿನ ಕೈಯಲ್ಲಿರುತ್ತದೆ.

ಶಬ್ದಕ್ಕೆ ಅಂಜುವ ಮಗುವಿಗೆ ಬ್ಯಾಟರಿಯ ಆಟಿಕೆಯನ್ನು ತರಲೇಬೇಕಾದರೆ ಸದ್ದನ್ನು ತಗ್ಗಿಸುವ ಅಥವಾ ನಿಲ್ಲಿಸುವ ಗುಂಡಿಯುಳ್ಳದ್ದನ್ನೇ ತರಬೇಕು. ಅಂಗಡಿಯಲ್ಲಿ ಅದನ್ನು ನಮ್ಮ ಕಿವಿಯ ಹತ್ತಿರ ಹಿಡಿದು ಪರೀಕ್ಷಿಸಬೇಕು. ತೂಗಾಟವನ್ನು ಬಯಸುವ ಮಗುವಿಗೆ ಮನೆಯ ಉಯ್ಯಾಲೆಗಿಂತ ಮೇಲಾದ ಆಟಿಕೆಯು ಅಪರೂಪ. ಮುಂದಕ್ಕೂ ಹಿಂದಕ್ಕೂ ಮೆಲ್ಲನೆ ಒಂದೇ ಲಯದಲ್ಲಿ ತೂಗುವುದು ಅನೇಕ ಮಕ್ಕಳನ್ನು ಶಾಂತಗೊಳಿಸುತ್ತದೆ. ಗಿರಗಿರನೆ ತಿರುಗಿಸುವುದು ಕೆರಳಿಸಬಹುದು. ಮುಖ ಬಿಳಿಚಿದರೆ, ಬೆವರಿದರೆ, ವಾಕರಿಕೆ ಬಂದರೆ ಒಡನೆ ನಿಲ್ಲಿಸತಕ್ಕದ್ದು. ಸದಾ ನೂಕಾಡುವ, ಗುದ್ದಾಡುವ ಮಗುವಿಗೆ ಬಲ ಬೇಕಾದ ಕೆಲಸವೇ ಆಟ: ನೀರು ತುಂಬಿದ ಪುಟ್ಟ ಚೊಂಬನ್ನು ಹೊರುವುದು, ಬಟ್ಟೆ ಹಿಂಡುವುದು, ಹಿಟ್ಟನ್ನು ನಾದುವುದು, ದಿಂಬುಗಳ ರಾಶಿಯ ಮೇಲೆ ಹಾರುವುದು. ಎಲ್ಲವನ್ನೂ ಕಚ್ಚುವ ಮಗುವಿಗೆ ಅದಕ್ಕೆಂದೇ ಮಾಡಿದ, ತುಂಡಾಗದ ಕಚ್ಚುಗೊಂಬೆಯನ್ನು ಕೊಟ್ಟು ಆಗಾಗ ಸವೆತವನ್ನು ನೋಡುತ್ತಿರಬೇಕು.

ಭಾರದ ಹೊದಿಕೆಯನ್ನು ಕುರಿತು ಒಂದು ಮಾತು. 2014ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಪರೀಕ್ಷೆಯಲ್ಲಿ, ಇಂತಹ ಹೊದಿಕೆಯಿಂದ ಆಟಿಸಂ ಇರುವ ಮಕ್ಕಳ ನಿದ್ರೆಯು ಹೆಚ್ಚಲಿಲ್ಲವೆಂದು ಕಂಡುಬಂದಿತು. ಆದರೂ ಮಕ್ಕಳೂ ತಾಯ್ತಂದೆಗಳೂ ಸಾಮಾನ್ಯ ಹೊದಿಕೆಗಿಂತ ಅದನ್ನೇ ಮೆಚ್ಚಿದರು. ಸುಖವೆನಿಸುವುದು ಬೇರೆ, ಗುಣವಾಗುವುದು ಬೇರೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಕೂಸುಗಳಿಗೆ ಇದನ್ನು ಎಂದಿಗೂ ಹೊದಿಸಬಾರದು. ದೊಡ್ಡ ಮಕ್ಕಳಿಗಾದರೂ ತಾವೇ ತೆಗೆದುಹಾಕಲು ಶಕ್ತಿಯಿದ್ದರೆ ಮಾತ್ರ, ಬಲ್ಲವರನ್ನು ಕೇಳಿ ಕೊಡತಕ್ಕದ್ದು.

ಅಪಾಯದ ವಿಷಯದಲ್ಲಿ ದಾಕ್ಷಿಣ್ಯ ಕೂಡದು. ಇಂತಹ ಮಕ್ಕಳಲ್ಲಿ ಅನೇಕರು ವಯಸ್ಸು ಮೀರಿದ ಮೇಲೂ ವಸ್ತುಗಳನ್ನು ಬಾಯಿಗೂ ಮೂಗಿಗೂ ಹಾಕಿಕೊಳ್ಳುವರಾದ್ದರಿಂದ ಪೆಟ್ಟಿಗೆಯ ಮೇಲಿನ ವಯಸ್ಸನ್ನು ಮಾತ್ರ ನೋಡಿದರೆ ಸಾಲದು. ಸುಮಾರು 32 ಮಿಲಿಮೀಟರ್ ಅಗಲದ ಕೊಳವೆಯಲ್ಲಿ ಹಿಡಿಸುವ ಸಣ್ಣ ವಸ್ತುವು ಮೂರು ವರ್ಷದೊಳಗಿನ ಮಗುವಿನ ಉಸಿರನ್ನು ಕಟ್ಟಿಸಬಲ್ಲದೆಂದು ಪರೀಕ್ಷಕರು ಎಣಿಸುತ್ತಾರೆ. ಕಾಳುಗಳ ಆಟಕ್ಕೆ ಹಿರಿಯರು ಪಕ್ಕದಲ್ಲೇ ಇರಬೇಕು. ಕಾಳನ್ನು ಬಾಯಿಗೂ ಮೂಗಿಗೂ ಹಾಕಿಕೊಳ್ಳುವ ಮಗುವಿಗೆ ಆ ಆಟವೇ ಬೇಡ. ನೀರಿನಲ್ಲಿ ಉಬ್ಬುವ ಬಣ್ಣದ ಮಣಿಗಳನ್ನು ಸ್ಪರ್ಶದ ಆಟಕ್ಕೆಂದು ಮಾರುವುದುಂಟು. ನುಂಗಿದರೆ ಅವು ಕರುಳಿನಲ್ಲಿ ಉಬ್ಬಿ ದಾರಿಯನ್ನು ಮುಚ್ಚುತ್ತವೆ. ಗುಂಡಿಯಾಕಾರದ ಬ್ಯಾಟರಿಯು ಗಂಟಲಿನಲ್ಲಿ ಸಿಕ್ಕಿಕೊಂಡರೆ 2 ಗಂಟೆಗಳಲ್ಲೇ ಅನ್ನನಾಳವನ್ನು ಸುಡಬಲ್ಲದು. ಇವೆರಡನ್ನೂ ಸಣ್ಣ ಅಯಸ್ಕಾಂತಗಳನ್ನೂ ಮನೆಗೆ ತರದಿರುವುದೇ ಲೇಸು. ನಮ್ಮ ದೇಶದಲ್ಲಿ 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ನೋಂದಾಯಿತ ಕುಶಲಕರ್ಮಿಗಳ ಕೈಕೆಲಸಕ್ಕೆ ವಿನಾಯಿತಿಯುಂಟು.

ಕೊಡುವ ರೀತಿಯೂ ಆಟಿಕೆಯಷ್ಟೇ ಮುಖ್ಯವಾದದ್ದು. ಒಂದು ಸಲಕ್ಕೆ ಒಂದೇ ಆಟಿಕೆಯನ್ನು ಮಗುವಿನ ಮುಂದಿಟ್ಟು ನಾವು ಸ್ವಲ್ಪ ದೂರ ಸರಿದು ಕುಳಿತುಕೊಳ್ಳಬೇಕು. ಅದು ಮುಟ್ಟದೆ ಹೋದರೆ ಬಿಟ್ಟುಬಿಡಬೇಕು. ಮರುದಿನವೋ ಮರುವಾರವೋ ಮುಟ್ಟೀತು. ಮಗುವನ್ನು ಶಾಂತಗೊಳಿಸುವ ಆಟಿಕೆಯನ್ನು ಶಿಕ್ಷೆಯೆಂದು ಕಿತ್ತುಕೊಳ್ಳುವುದು ಕುಂಟುವವನ ಕೋಲನ್ನು ಕಿತ್ತುಕೊಂಡಂತೆ. ಹಬ್ಬಕ್ಕೂ ಮದುವೆಗೂ ಹೋಗುವಾಗ ಅದನ್ನು ಚೀಲದಲ್ಲಿ ಒಯ್ಯುವುದನ್ನು ಮರೆಯಬಾರದು.

ಆದರೆ ಎಲ್ಲವನ್ನೂ ಮನೆಯಲ್ಲೇ ನಿರ್ಣಯಿಸಿಬಿಡುವುದು ಸಲ್ಲದು. ಕರೆದರೆ ತಿರುಗಿ ನೋಡದ ಮಗುವಿಗೆ ಕಿವಿಯೇ ಕೇಳದಿರಬಹುದು, ಮೊದಲು ಶ್ರವಣಪರೀಕ್ಷೆಯಾಗಬೇಕು. ಮಾತು ತಡವಾದರೆ, ಕಲಿತ ಮಾತು ಮರೆತುಹೋದರೆ, ಊಟ ನಿದ್ರೆಗಳು ಕೆಟ್ಟರೆ, ಮಗುವು ತನಗೆ ತಾನೇ ಗಾಯಮಾಡಿಕೊಂಡರೆ ಮಕ್ಕಳ ವೈದ್ಯರನ್ನು ಕಾಣುವುದಕ್ಕೆ ತಡಮಾಡಬಾರದು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಮೊದಲಾದ ಕಡೆಗಳಲ್ಲಿ ಇಂತಹ ಮಕ್ಕಳನ್ನು ಪರೀಕ್ಷಿಸುವ ಏರ್ಪಾಡಿದೆ.

ಕಡೆಯದಾಗಿ ಬಂಧುಗಳಲ್ಲಿ ನಮ್ಮ ವಿಜ್ಞಾಪನೆ. ಮಗುವಿನ ತಾಯಿಯು "ಅವನಿಗೆ ನೋಯುತ್ತದೆ" ಎಂದರೆ ನಂಬಿರಿ. ಉಡುಗೊರೆಯನ್ನು ಕೊಳ್ಳುವುದಕ್ಕೆ ಮೊದಲು ಅವಳನ್ನು ಒಂದು ಮಾತು ಕೇಳಿರಿ. ಹೀಗೆ ಕೇಳುವುದರಿಂದ ನಮ್ಮ ಹಿರಿತನಕ್ಕೆ ಕುಂದಿಲ್ಲ. ಮರುವರ್ಷ ಅದೇ ಮನೆಗೆ ಹೋಗುವಾಗ ನಾವು ಕೇಳಿದೆವು. ಅವಳು ಹೇಳಿದಂತೆ ಒಂದು ಅಗಲವಾದ ಮರದ ತಟ್ಟೆಯನ್ನೂ ಹಿತ್ತಾಳೆಯ ಹಳೆಯ ಪಾವನ್ನೂ ಒಯ್ದು, ರಾಗಿ ತುಂಬಿ ಜಗಲಿಯ ಮೇಲಿಟ್ಟು, ಸುಮ್ಮನೆ ಕುಳಿತೆವು. ಬಹಳ ಹೊತ್ತಿನ ಮೇಲೆ ಹುಡುಗನು ಬಂದನು. ಅಳೆದನು, ಸುರಿದನು, ಮತ್ತೆ ಅಳೆದನು. ಅನಂತರ ನಮ್ಮ ಮುಖವನ್ನು ನೋಡದೆಯೇ ಪಾವನ್ನು ನಮ್ಮ ಕೈಗಿತ್ತನು. ಈಗ ಸುರಿಯುವ ಸರದಿ ನಮ್ಮದಾಗಿತ್ತು.